ಮೂಲನಿವಾಸಿಗಳ ತಿಳಿವಳಿಕೆ ಪಾಠಕ್ಕೆ ಬಂದರೆ ಸಾಲದು, ಅವರೂ ಬರಲಿ

ವರ್ಷಕ್ಕೆ ಎಷ್ಟು ಋತು? ಶಾಲೆಯ ಪುಸ್ತಕದಲ್ಲಿ ಒಂದೇ ಉತ್ತರ ಇರುತ್ತದೆ, ಅದು ಬರೆದರೆ ಮಾತ್ರ ಮಾರ್ಕ್ಸ್. ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿರುವ ಕಾಕಡು ಪ್ರದೇಶಕ್ಕೆ ಹೊರಗಿನಿಂದ ಬಂದವರು ಮಳೆಗಾಲ, ಒಣಗಾಲ ಅಂತ ಎರಡೇ ಎಣಿಸಿದರು. ಅಲ್ಲಿನ ಮೂಲನಿವಾಸಿಗಳಾದ ಬಿನಿಂಜ್ ಜನಕ್ಕೆ ಆರು.

ಅದರಲ್ಲಿ ಯೆಗ್ಗೆ ಅನ್ನುವುದು ಮೇ ಹೊತ್ತಿಗೆ ಬರುತ್ತದೆ. ಆಗ ತಂಪಿರುತ್ತದೆ, ತೇವ ಇನ್ನೂ ಪೂರ್ತಿ ಆರಿರುವುದಿಲ್ಲ. ಒಂದು ಜಾತಿಯ ನೀಲಗಿರಿ ಮರ ಹೂ ಬಿಟ್ಟರೆ, ಕಾಡಿನ ಹುಲ್ಲನ್ನು ಅಲ್ಲಲ್ಲಿ ಸುಡುವ ಕಾಲ ಬಂತು ಅಂತ ಅರ್ಥ. ಹುಲ್ಲು ಅರೆಹಸಿ ಇರುವುದರಿಂದ ಬೆಂಕಿ ಮೇಲೇಳುವುದಿಲ್ಲ. ನೆಲದ ಮೇಲೇ ಹರಿದು ತಣ್ಣಗಾಗುತ್ತದೆ. ಸುಟ್ಟ ಜಾಗಗಳ ನಡುವೆ ಸುಡದ ಜಾಗವೂ ಉಳಿಯುತ್ತದೆ, ಪ್ರಾಣಿಗಳಿಗೆ ಹೊಸ ಚಿಗುರು ಸಿಗುತ್ತದೆ. ಮುಂದೆ ಎಲ್ಲ ಒಣಗಿದಾಗ ಕಿಡಿ ಬಿದ್ದರೂ ಬೆಂಕಿ ದೊಡ್ಡದಾಗುವುದು ಕಷ್ಟ, ಹಬ್ಬಲು ಅಷ್ಟು ಹುಲ್ಲೇ ಇರುವುದಿಲ್ಲ.

ಇದು ವಿಜ್ಞಾನ ಅಲ್ವಾ? ಆದರೆ ಇಂಥ ವಿಷಯ ಜಾಸ್ತಿ ಬರುವುದು ಸಂಸ್ಕೃತಿಯ ಪಾಠದಲ್ಲಿ, ಉಡುಪು ಮತ್ತು ಕುಣಿತದ ಚಿತ್ರಗಳ ಪಕ್ಕ. ನನಗೆ ಇದು ನಿಜಕ್ಕೂ ನೋವು ಕೊಡುತ್ತದೆ.

ಇನ್ನೊಂದು ತಪ್ಪನ್ನು ಒಳ್ಳೆಯ ಮನಸ್ಸಿನ ಶಿಕ್ಷಕರೇ ಮಾಡುತ್ತಾರೆ. ಮುಸುಕಿನ ಜೋಳ, ಬೀನ್ಸ್, ಕುಂಬಳ ಮೂರನ್ನೂ ಒಟ್ಟಿಗೆ ಬೆಳೆಯುವ ಪಾಠ ಇದೆಯಲ್ಲ, ಅದನ್ನೇ ನೋಡಿ. ಜೋಳದ ದಂಟು ಬೀನ್ಸ್ ಬಳ್ಳಿಗೆ ಆಸರೆ. ಬೀನ್ಸ್ ಬೇರಿನಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುತ್ತದೆ. ಕುಂಬಳದ ಅಗಲ ಎಲೆ ಮಣ್ಣಿನ ತೇವ ಕಾಯುತ್ತದೆ. ಉತ್ತರ ಅಮೆರಿಕದ ಹೌಡೆನೊಶೋನಿ ಜನ ಇವನ್ನು ಮೂವರು ಅಕ್ಕತಂಗಿಯರು ಅನ್ನುತ್ತಾರೆ. ತರಗತಿಯಲ್ಲಿ ಸಾರಜನಕ ಉಳಿಯುತ್ತದೆ, ಅವರ ಹೆಸರು ಬಿಟ್ಟುಹೋಗುತ್ತದೆ. ಹೆಸರು ಬಂದರೂ ‘ಹೀಗೆ ಬೆಳೆಯುತ್ತಿದ್ದರು’ ಅನ್ನುತ್ತೇವೆ. ಅವರು ಇವತ್ತೂ ಇದ್ದಾರೆ. ಇವತ್ತೂ ಬೆಳೆಯುತ್ತಾರೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2023-24ರಿಂದ ಮೂಲನಿವಾಸಿಗಳ ಕುರಿತ ಕೋರ್ಸ್ ಓದದೆ ಹೈಸ್ಕೂಲ್ ಮುಗಿಯುವುದಿಲ್ಲ. ತುಂಬಾ ಒಳ್ಳೆಯ ಕೆಲಸ. ಆದರೆ ಪಾಠ ಹೇಳುವವರು ಯಾರು ಅನ್ನುವುದೂ ಅಷ್ಟೇ ಮುಖ್ಯ. ಸುಮ್ನೆ ಪುಸ್ತಕಕ್ಕೆ ನಾಲ್ಕು ಪುಟ ಸೇರಿಸಿದರೆ ಅವರ ದನಿ ಬರುವುದಿಲ್ಲ. ಆ ಸಮುದಾಯದ ಹಿರಿಯರನ್ನು ಕರೆಸಿ. ಬೇರೆ ಅತಿಥಿಗಳಿಗೆ ಕೊಡುವ ಸಂಭಾವನೆಯನ್ನು ಅವರಿಗೂ ಕೊಡಿ. ಏನು ಹೇಳಬೇಕು, ಏನು ಹೇಳಬಾರದು ಅಂತ ಅವರೇ ತೀರ್ಮಾನಿಸಲಿ.

ಉತ್ತರ ಅಮೆರಿಕದ ಹಲವು ಸಮುದಾಯಗಳಲ್ಲಿ ಕೆಲವು ಕಥೆಗಳನ್ನು ಚಳಿಗಾಲದಲ್ಲಿ ಮಾತ್ರ ಹೇಳುತ್ತಾರೆ. ಅಂಥ ಕಥೆ ನಿಮ್ಮ ಸಿಲಬಸ್‌ನಲ್ಲಿ ಜೂನ್‌ಗೆ ಬಂದಿದ್ದರೆ ಚಳಿಗಾಲಕ್ಕೆ ಮುಂದೂಡಿ. ಯಾಕೆ ಮುಂದೂಡಿದಿರಿ ಅಂತ ಮಕ್ಕಳಿಗೂ ಹೇಳಿ.