ತೋಳು ಬಂಡವಾಳವಲ್ಲ

ಔಷಧ ಸಂಶೋಧನೆಯಲ್ಲಿ ಯಾವುದು ಹೂಡಿಕೆ, ಯಾವುದು ಅಲ್ಲ ಎಂಬ ಹಳೆಯ ತಕರಾರಿಗೆ 2021ರ ಜನವರಿಯಲ್ಲಿ ತೀರ್ಪು ಸಿಕ್ಕಿತು. ಆಸ್ಟ್ರಾಜೆನೆಕಾ ಕೋವಿಡ್ ಲಸಿಕೆಗೆ ದಕ್ಷಿಣ ಆಫ್ರಿಕಾ ಡೋಸಿಗೆ 5.25 ಡಾಲರ್ ತೆರಬೇಕಿತ್ತು. ಐರೋಪ್ಯ ಒಕ್ಕೂಟಕ್ಕೆ ಅದೇ ಲಸಿಕೆ 1.78 ಯೂರೊ, ಅಂದರೆ ಅರ್ಧಕ್ಕಿಂತ ಕಡಿಮೆ. ಆ ದರ ಗುಟ್ಟಾಗಿಯೇ ಇರಬೇಕಿತ್ತು. ಬೆಲ್ಜಿಯಂನ ಸಚಿವೆಯೊಬ್ಬರು ಪಟ್ಟಿಯನ್ನೇ ಟ್ವೀಟ್ ಮಾಡಿ, ಎಚ್ಚೆತ್ತು ಅಳಿಸುವಷ್ಟರಲ್ಲಿ ಊರಿಗೆಲ್ಲ ಡಂಗುರವಾಗಿತ್ತು. ನಮಗೇಕೆ ಹೆಚ್ಚು ಎಂದರೆ ಸಿಕ್ಕ ಉತ್ತರವನ್ನು ದಕ್ಷಿಣ ಆಫ್ರಿಕಾದ ಆರೋಗ್ಯ ಇಲಾಖೆಯೇ ಬಹಿರಂಗಪಡಿಸಿತು: ಶ್ರೀಮಂತ ದೇಶಗಳು ಸಂಶೋಧನೆಗೆ ಹಣ ಹಾಕಿವೆ, ಅದಕ್ಕೆ ರಿಯಾಯಿತಿ.

ನ್ಯಾಯವೇ. ಅಲ್ಲಿನ ಎರಡು ಸಾವಿರ ಚಿಲ್ಲರೆ ಜನ ಆ ಲಸಿಕೆಯ ಪ್ರಯೋಗಕ್ಕೆ ತೋಳು ಒಡ್ಡಿದ್ದರು, ನಿಜ. ಒಪ್ಪಿಗೆ ಪತ್ರಕ್ಕೆ ಸಹಿ, ಎರಡು ಚುಚ್ಚುಮದ್ದು, ಮತ್ತೆ ಮತ್ತೆ ರಕ್ತ, ಮೂಗಿಗೆ ಕಡ್ಡಿ. ಆದರೆ ತೋಳು ಬಂಡವಾಳವಲ್ಲ. ಅದರ ಮೇಲೆ ಬಡ್ಡಿ ಹುಟ್ಟುವುದಿಲ್ಲ. ಫೆಬ್ರವರಿ 1ರಂದು ಪುಣೆಯಿಂದ ಹತ್ತು ಲಕ್ಷ ಡೋಸ್ ಬಂದಿಳಿಯಿತು. 7ಕ್ಕೆ ಅದನ್ನು ಕೊಡುವುದನ್ನೇ ತಡೆಹಿಡಿದರು, ಏಕೆಂದರೆ ಅಲ್ಲಿ ಹಬ್ಬಿದ್ದ ಬೀಟಾ ತಳಿಯ ಸೌಮ್ಯ ಕಾಯಿಲೆಯನ್ನು ಅದು ತಡೆಯುವುದು ಅಷ್ಟಕ್ಕಷ್ಟೆ. ಅದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಯಾರು? ಅವೇ ತೋಳುಗಳು. ಅದಕ್ಕೂ ರಿಯಾಯಿತಿ ಇರಲಿಲ್ಲ.

ತೋಳಿನ ಕಥೆ ಇದಾದರೆ ರಕ್ತದ ಲೆಕ್ಕ ಇನ್ನೂ ಸೊಗಸು. 1995ರಲ್ಲಿ ಕಾಂಗೋದ ಕಿಕ್ವಿಟ್ ಪಟ್ಟಣದಲ್ಲಿ ಎಬೋಲಾ ಎದ್ದಾಗ ಡಾ. ಜಾನ್-ಜಾಕ್ ಮುಯೆಂಬೆ ಮತ್ತು ಸಂಗಡಿಗರು ಬದುಕುಳಿದವರ ರಕ್ತವನ್ನು ಎಂಟು ರೋಗಿಗಳಿಗೆ ಕೊಟ್ಟರು. ಏಳು ಮಂದಿ ಉಳಿದರು. ಹೊರಗಿನ ಪಂಡಿತರು ತಲೆಯಾಡಿಸಿದರು: ಹೋಲಿಸಿ ನೋಡಲು ಇನ್ನೊಂದು ಗುಂಪು ಎಲ್ಲಿ? ಶಾಸ್ತ್ರದ ದೃಷ್ಟಿಯಿಂದ ಆಕ್ಷೇಪ ಸರಿಯೇ. ಸ್ವಾರಸ್ಯವೆಂದರೆ, ಹನ್ನೊಂದು ವರ್ಷದ ಮೇಲೆ ಅದೇ ಕಿಕ್ವಿಟ್‌ನಲ್ಲಿ ಬದುಕುಳಿದವರೊಬ್ಬರ ರಕ್ತ ಮೇರಿಲ್ಯಾಂಡ್ ರಾಜ್ಯದಲ್ಲಿರುವ ಅಮೆರಿಕದ ಸರ್ಕಾರಿ ಪ್ರಯೋಗಾಲಯ ಸೇರಿತು. ಅದರ ಜೀವಕೋಶಗಳಿಂದ ಹೆಕ್ಕಿದ ಪ್ರತಿಕಾಯಕ್ಕೆ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಪ್ರೋಟೀನಿಗೆ, 'ಎಂಎಬಿ114' ಎಂದು ಹೆಸರಿಟ್ಟರು, 2018ರಲ್ಲಿ ಒಂದು ಅಮೆರಿಕನ್ ಕಂಪನಿಗೆ ಪರವಾನಗಿ ಕೊಟ್ಟರು. ಕಿಕ್ವಿಟ್‌ನಲ್ಲಿ ನಂಬಿಕೆಯಾಗಿದ್ದದ್ದು ಮೇರಿಲ್ಯಾಂಡ್‌ಗೆ ಹೋಗಿ ವಿಜ್ಞಾನವಾಗಿ ಬಂತು.

ರಕ್ತ ಹೊರಹೋಗುವ ದಾರಿ ಎಷ್ಟು ಅಚ್ಚುಕಟ್ಟು ನೋಡಿ. ಸೋರದ ಸೀಸೆ, ಅದರ ಸುತ್ತ ದ್ರವ ಹೀರುವ ಹತ್ತಿ, ಮೇಲೊಂದು ಸೋರದ ಡಬ್ಬಿ, ಅದರ ಹೊರಗೆ ಗಟ್ಟಿ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಒಳಗೆ ಸೋಂಕು ಹರಡುವ ಪದಾರ್ಥವಿದೆ ಎಂದು ಸಾರುವ 'ಯುಎನ್ 2814' ಚೀಟಿ. ನಡುವೆ ಡ್ರೈ ಐಸ್, ಅಂದರೆ ಹೆಪ್ಪುಗಟ್ಟಿಸಿದ ಇಂಗಾಲದ ಡೈಆಕ್ಸೈಡ್; ಅದಿರುವ ಪೆಟ್ಟಿಗೆಯನ್ನು ಗಾಳಿಯಾಡದಂತೆ ಬಿಗಿಯಬಾರದು, ಅನಿಲ ಉಬ್ಬಿ ಸಿಡಿಯುತ್ತದೆ. 1976ರಲ್ಲಿ ಇಷ್ಟು ಅಚ್ಚುಕಟ್ಟಿರಲಿಲ್ಲ. ಕಾಂಗೋದ ಯಂಬುಕುವಿನಲ್ಲಿ ಎದ್ದ ಎಬೋಲಾ ಕಾಯಿಲೆಯ ರಕ್ತ ಥರ್ಮಾಸ್ ಫ್ಲಾಸ್ಕಿನಲ್ಲಿ ಬೆಲ್ಜಿಯಂ ತಲುಪಿತು, ಒಂದು ಸೀಸೆ ಒಡೆದೂ ಹೋಗಿತ್ತು. ಆದರೂ ತಲುಪಿತು. ಹೋಗುವುದು ಹೇಗಾದರೂ ಹೋಗುತ್ತದೆ.

ಬರುವ ದಾರಿಗೆ ಬನ್ನಿ. 2018ರ ನವೆಂಬರ್‌ನಿಂದ ಅದೇ ಕಾಂಗೋದ ಬೇನಿ, ಬುಟೆಂಬೊ, ಕಟ್ವಾ, ಮಂಗಿನಾಗಳಲ್ಲಿ, ಬಂದೂಕುಗಳ ಸದ್ದಿನ ನಡುವೆ, 681 ಎಬೋಲಾ ರೋಗಿಗಳ ಮೇಲೆ ನಾಲ್ಕು ಮದ್ದುಗಳ ಪರೀಕ್ಷೆ ನಡೆಯಿತು. ಈ ಸಲ ಹೋಲಿಸುವ ಗುಂಪೂ ಇತ್ತು, ಪಂಡಿತರಿಗೆ ಸಮಾಧಾನವಾಗಲಿ. ಗೆದ್ದದ್ದು ಎರಡು: ಎಂಎಬಿ114, ಮತ್ತು ಮೂರು ಪ್ರತಿಕಾಯಗಳ ಒಂದು ಮಿಶ್ರಣ. ಬೇಗ ಬಂದು, ಮೈಯಲ್ಲಿ ವೈರಸ್ ಇನ್ನೂ ಕಡಿಮೆಯಿದ್ದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಉಳಿದರು. ಲಕ್ಷಣ ಕಂಡ ಮೇಲೆ ತಡವಾದ ಒಂದೊಂದು ದಿನಕ್ಕೂ ಸಾವಿನ ಸಂಭವ ಶೇ. 11ರಷ್ಟು ಏರುತ್ತದೆ ಎಂಬುದೂ ಅಲ್ಲೇ ಗೊತ್ತಾಯಿತು.

ಎಂಎಬಿ114 ಕೊಡುವುದೇನೂ ಬ್ರಹ್ಮವಿದ್ಯೆಯಲ್ಲ. ಮೈತೂಕದ ಕಿಲೋಗೆ 50 ಮಿಲಿಗ್ರಾಂ. 60 ಕಿಲೋ ಆಸಾಮಿಗೆ 400 ಮಿಲಿಗ್ರಾಂನ ಎಂಟು ಸೀಸೆ. ಒಂದೊಂದಕ್ಕೂ 7.7 ಮಿಲಿಲೀಟರ್ ಶುದ್ಧ ನೀರು, ಕುಲುಕಬಾರದು, ಮೆಲ್ಲಗೆ ತಿರುಗಿಸಬೇಕು, ಕುಲುಕಿದರೆ ನೊರೆಯೆದ್ದು ಪ್ರೋಟೀನು ಕೆಡುತ್ತದೆ. ಆಮೇಲೆ ಡ್ರಿಪ್‌ನಲ್ಲಿ ಒಂದು ತಾಸು, ಒಂದೇ ಸಲ. ಇಡಲು 2ರಿಂದ 8 ಡಿಗ್ರಿಯ ಮಾಮೂಲಿ ಫ್ರಿಜ್ ಸಾಕು. ಮೈನಸ್ 60ಕ್ಕಿಂತ ಕೆಳಗಿಡಬೇಕಾದ ಎಬೋಲಾ ಲಸಿಕೆಯನ್ನೇ ಅದೇ ಕಾಡುಹಾದಿಯಲ್ಲಿ ಹೊತ್ತುಹೋಗಿ ಲಕ್ಷಾಂತರ ಜನಕ್ಕೆ ಚುಚ್ಚಿ ಬಂದ ಜನ ಅಲ್ಲಿನ ಆರೋಗ್ಯ ಕಾರ್ಯಕರ್ತರು.

ಹಾಗಾದರೆ ಮದ್ದು ಎಲ್ಲಿಡಬೇಕು? ಅಮೆರಿಕದಲ್ಲಿ! 2020ರ ಕೊನೆಗೆ ಎರಡಕ್ಕೂ ಅಲ್ಲಿ ಅನುಮೋದನೆ ಸಿಕ್ಕಿತು, ದಾಸ್ತಾನಿನ ಬಹುಪಾಲು ಅವರ ರಾಷ್ಟ್ರೀಯ ಉಗ್ರಾಣ ಸೇರಿತು. ಜೈವಿಕ ದಾಳಿ ಆದೀತೆಂಬ ಭಯ. ಮಿಶ್ರಣದ ಮದ್ದೊಂದಕ್ಕೇ ಸುಮಾರು 34.5 ಕೋಟಿ ಡಾಲರಿನ ಒಪ್ಪಂದ. 2014-15ರ ಆ ಮಹಾಗದ್ದಲದಲ್ಲೂ ಅಮೆರಿಕದ ನೆಲದಲ್ಲಿ ಎಬೋಲಾಕ್ಕೆ ಚಿಕಿತ್ಸೆ ಪಡೆದವರು 11 ಜನ. ಬೆಂಕಿ ಬೀಳುವುದು ಒಂದು ಕೇರಿಯಲ್ಲಿ, ಬಾವಿ ಇನ್ನೊಂದು ಖಂಡದಲ್ಲಿ, ಹಗ್ಗ ಮಾತ್ರ ನಿಮ್ಮದೇ ತನ್ನಿ. ಅನುಮೋದನೆಯ ನಂತರ ಬಂದ ಎಬೋಲಾಗಳಲ್ಲಿ ಮೂವರಲ್ಲಿ ಒಬ್ಬರಿಗಷ್ಟೆ ಈ ಮದ್ದು ದಕ್ಕಿತೆಂದು 'ಗಡಿಗಳಿಲ್ಲದ ವೈದ್ಯರು' ಸಂಸ್ಥೆ ಗೊಣಗಿತು. ತಡವಾದ ದಿನಕ್ಕೆ ಸಾವು ಶೇ. 11 ಏರುವ ಲೆಕ್ಕವನ್ನು ಉಗ್ರಾಣದ ಬಾಗಿಲಿಗೆ ಯಾರೂ ಅಂಟಿಸಿದಂತಿಲ್ಲ.

ಹೊರಗೆ ಹೋದದ್ದು ರಕ್ತ ಮಾತ್ರವಲ್ಲ. 2021ರಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಲಸಿಕೆಯನ್ನು ದಕ್ಷಿಣ ಆಫ್ರಿಕಾದ ಗೆಬೇಹಾ ನಗರದ ಆಸ್ಪೆನ್ ಕಾರ್ಖಾನೆಯಲ್ಲಿ ಸೀಸೆಗೆ ತುಂಬುತ್ತಿದ್ದರು. ಮೂರನೇ ಅಲೆಯಲ್ಲಿ ಅಲ್ಲಿಯ ಜನ ಸರದಿಯಲ್ಲಿರುವಾಗ ತುಂಬಿದ ಸೀಸೆಗಳು ಯುರೋಪಿಗೆ ವಿಮಾನ ಹತ್ತಿದವು. ಗಲಾಟೆಯಾದ ಮೇಲೆ ನಿಂತಿತು. ಮರುವರ್ಷ ಅದೇ ಲಸಿಕೆಯನ್ನು ಆಫ್ರಿಕಾದ ಹೆಸರಲ್ಲೇ ಮಾರಲು ಆಸ್ಪೆನ್‌ಗೆ ಪರವಾನಗಿ ಬಂತು. ಬಾರದೇ ಹೋದದ್ದು ಒಂದೇ: ಆರ್ಡರು.

ತೀರಾ ಹೊಸದು ಎಚ್‌ಐವಿ ತಡೆಯುವ ಲೆನಕಾಪವಿರ್. ಆರು ತಿಂಗಳಿಗೊಮ್ಮೆ ಚರ್ಮದಡಿಗೆ 1.5 ಮಿಲಿಲೀಟರಿನ ಎರಡು ಚುಚ್ಚು, ಮೊದಲ ಸಲ ಎರಡು ದಿನ ಮಾತ್ರೆಯೂ ಜೊತೆಗೆ. ಪ್ರಯೋಗದಲ್ಲಿ ಇದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. ಆ ಪ್ರಯೋಗದ 28 ಕೇಂದ್ರಗಳಲ್ಲಿ ಮೂರು ಉಗಾಂಡದಲ್ಲಿ, ಉಳಿದ 25 ದಕ್ಷಿಣ ಆಫ್ರಿಕಾದಲ್ಲಿ. 2025ರ ಜೂನ್‌ನಲ್ಲಿ ಅಮೆರಿಕ ಅನುಮೋದಿಸಿತು. ಆಗ ಅಲ್ಲಿ ವರ್ಷದ ಬೆಲೆ 28,218 ಡಾಲರ್. 2027ರಿಂದ ಬಡ ದೇಶಗಳಿಗೆ ವರ್ಷಕ್ಕೆ 40 ಡಾಲರಿಗೆ ಕೊಡುತ್ತೇವೆಂದು ಹೈದರಾಬಾದಿನ ಕಂಪನಿಗಳು ಹೇಳಿವೆ. ಅಷ್ಟರೊಳಗೆ ಅಮೆರಿಕವೂ ಆಫ್ರಿಕಾಕ್ಕೆ ದಾನ ಹೊರಡಿಸಿತು, ಎಸ್ವಾಟಿನಿಗೆ, ಜಾಂಬಿಯಾಕ್ಕೆ. ಆ ಪಟ್ಟಿಯಲ್ಲಿ ದಕ್ಷಿಣ ಆಫ್ರಿಕಾ ಇರಲಿಲ್ಲ. ಬೇಕಿದ್ದರೆ ಏಡ್ಸ್, ಕ್ಷಯ, ಮಲೇರಿಯಾಗಳಿಗೆ ಹಣ ಕೊಡುವ ಅಂತರರಾಷ್ಟ್ರೀಯ ನಿಧಿಯಾದ ಗ್ಲೋಬಲ್ ಫಂಡ್‌ನ ಬಾಗಿಲು ತಟ್ಟಬಹುದಿತ್ತು. ಕಾರಣ ಕೇಳಿದರೆ, ಅವರ ಹತ್ತಿರ ದುಡ್ಡಿದೆ, ತಾವೇ ಕೊಂಡುಕೊಳ್ಳಲಿ ಎಂದರು ಅಮೆರಿಕದ ಅಧಿಕಾರಿಗಳು.

2021ರಲ್ಲಿ ಹಣ ಹಾಕದವರು ಎಂದು ಹೆಚ್ಚು ಬೆಲೆ; 2025ರಲ್ಲಿ ಹಣವಿರುವವರು ಎಂದು ದಾನವಿಲ್ಲ. ತೋಳು ಮಾತ್ರ ಎರಡೂ ಸಲ ಅದೇ.