ಮಾನ್ಯರೇ, ನಮ್ಮಲ್ಲಿ 32 ಓಟುಗಳಿವೆ

ನಮ್ಮ ಹಳ್ಳಕ್ಕೆ ಕಾಲುಸಂಕ ಬೇಕೆಂದು ಶಾಸಕರಿಗೆ ಮನವಿ ಬರೆಯಲು ಕುಳಿತಾಗ ನಾನು ಮಾಡಿದ ಮೊದಲ ತಪ್ಪೆಂದರೆ ಹಳ್ಳದ ಬಗ್ಗೆ ಬರೆದದ್ದು. ಮಳೆಗಾಲದಲ್ಲಿ ನೀರು ಎದೆಮಟ್ಟ ಏರುವುದು, ಪುಸ್ತಕದ ಚೀಲ ಹೊತ್ತ ಮಕ್ಕಳು ಪಾಚಿಗಟ್ಟಿದ ಅಡಿಕೆ ದಬ್ಬೆಯ ಮೇಲೆ ಅಡ್ಡಡ್ಡ ಹೆಜ್ಜೆ ಇಡುತ್ತ, ಬಿದಿರಿನ ಗಳ ಹಿಡಿದು ದಾಟುವುದು, ಹೀಗೆ ಎರಡು ಪುಟ ತುಂಬಿಸಿದೆ. ಆಚೆಮನೆ ದೊಡ್ಡಪ್ಪ ಓದಿ ಕನ್ನಡಕ ತೆಗೆದರು.

‘ಅಲ್ಲ ಮಾರಾಯ, ನೀರು ಎಷ್ಟಿದೆ ಎಂದು ಬರೆದಿದ್ದೀಯ. ಓಟು ಎಷ್ಟಿದೆ ಎಂದು ಬರೆದೇ ಇಲ್ಲವಲ್ಲ!’

11 ಮನೆ, 32 ಓಟು. ಅದನ್ನೇ ಮೊದಲ ಸಾಲಿಗೆ ತಂದೆವು. ಹಳ್ಳ ಕೊನೆಯ ಸಾಲಿಗೆ ಹೋಯಿತು.

ಮನವಿ ಬರೆಯುವುದು ಒಂದು ವಿದ್ಯೆಯಾದರೆ ಸಲ್ಲಿಸುವುದು ಇನ್ನೊಂದು. ಹಾಳೆ ಒಂದೇ, ಹಿಡಿಯುವ ಕೈ ಹತ್ತು. ಮೂಲೆ ಸಿಕ್ಕವರು ಮೂಲೆ ಹಿಡಿದರು, ಸಿಗದವರು ಮೂಲೆ ಹಿಡಿದವರ ಮೊಣಕೈ ಹಿಡಿದರು. ಶಾಸಕರ ಕೈ ಕಾಗದದ ಮೇಲೆ, ಕಣ್ಣು ಕ್ಯಾಮೆರಾದ ಮೇಲೆ. ಫೋಟೊ ಆಗುವ ತನಕ ಕಾಗದವನ್ನು ಯಾರೂ ಬಿಡಲಿಲ್ಲ, ಆದ ಮೇಲೆ ಯಾರೂ ಹಿಡಿಯಲಿಲ್ಲ. ಆಪ್ತ ಸಹಾಯಕರು ಅದನ್ನು ನೆಲದಿಂದ ಎತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡರು.

ಅಲ್ಲಿಂದ ಅದು ನಮಗಿಂತ ಹೆಚ್ಚು ಊರು ನೋಡಿತು. ‘ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳುವುದು’ ಎಂಬ ಷರಾ ಹೊತ್ತು ಜಿಲ್ಲಾ ಪಂಚಾಯಿತಿಗೆ, ಅಲ್ಲಿಂದ ತಾಲ್ಲೂಕು ಪಂಚಾಯಿತಿಗೆ, ಕಡೆಗೆ ನಮ್ಮದೇ ಗ್ರಾಮ ಪಂಚಾಯಿತಿಗೆ. ‘ನಮ್ಮಲ್ಲಿ ಅನುದಾನವಿಲ್ಲ, ಶಾಸಕರನ್ನು ಕಾಣಿ’ ಎಂದು ನಮ್ಮನ್ನು ಮೊದಲು ಕಳಿಸಿದವರೇ ಅವರು.

ಶಾಸಕರನ್ನಾದರೂ ಬೈದು ಏನು ಮಾಡುವುದು? ಅವರ ಕೈಯಲ್ಲಿರುವ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ, ಕ್ಷೇತ್ರದ ಹಳ್ಳಗಳನ್ನು ಎಣಿಸಿದವರಿಲ್ಲ. ಅವರೂ ಅರ್ಜಿದಾರರೇ. ಶಾಸಕರು ಮಂತ್ರಿಗೆ ಮನವಿ ಕೊಡುತ್ತಾರೆ, ಮಂತ್ರಿಗಳು ಮುಖ್ಯಮಂತ್ರಿಗೆ, ಮುಖ್ಯಮಂತ್ರಿಗಳು ಶಾಲು, ಗಂಧದ ಹಾರದ ಸಮೇತ ದೆಹಲಿಗೆ. ಅಲ್ಲಿಯೂ ಅದೇ ಫೋಟೊ, ಮೂಲೆ ಹಿಡಿದ ಅದೇ ಕೈಗಳು.

ಬರೆದರೆ ಫಲವಿಲ್ಲ ಎನ್ನಬೇಡಿ. ಶರಾವತಿ ಹಿನ್ನೀರಿನವರನ್ನು ಕೇಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಾಡಿಗೆ ಬೆಳಕಾಯಿತು, ತುಮರಿ ಕಡೆಯವರ ದಾರಿ ನೀರಿನಡಿ ಸೇರಿತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ನಡುವೆ ಶಿವಮೊಗ್ಗ ಜಿಲ್ಲೆ ರಾಜ್ಯಕ್ಕೆ ಮುಖ್ಯಮಂತ್ರಿಗಳನ್ನೇ ಕೊಟ್ಟಿತು: ಬಂಗಾರಪ್ಪ, ಪಟೇಲ್, ಯಡಿಯೂರಪ್ಪ. ಅಷ್ಟೂ ವರ್ಷದ ಮನವಿಗಳನ್ನು ಒಂದರ ಪಕ್ಕ ಒಂದು ಹಾಸಿದ್ದರೆ ಎರಡು ಚಿಲ್ಲರೆ ಕಿಲೋಮೀಟರ್ ಹಿನ್ನೀರನ್ನು ಲಾಂಚಿಗೆ ಕಾಯದೆ ನಡೆದೇ ದಾಟಬಹುದಿತ್ತು.

ಶಾಸಕರೆಂದರೆ ಶಾಸನ ಮಾಡುವವರು ಎಂದು ನಿಘಂಟು ಹೇಳುತ್ತದೆ. ಅದನ್ನು ನಂಬಿ ಒಮ್ಮೆ, ಇಂಥ ಮಸೂದೆಯನ್ನು ದಯವಿಟ್ಟು ವಿರೋಧಿಸಿ ಎಂದು ಕಾರಣ ಸಮೇತ ಪತ್ರ ಬರೆದಿದ್ದೆ. ಕಚೇರಿಯಿಂದ ಫೋನ್ ಬಂತು. ‘ಸರ್, ಇದು ವರ್ಗಾವಣೆಯದ್ದೋ, ಬಗರ್‌ಹುಕುಂನದ್ದೋ? ಯಾವ ಫೈಲಿಗೆ ಹಾಕಬೇಕೆಂದು ತಿಳಿಯುತ್ತಿಲ್ಲ.’ ತಿಳಿಸುವಷ್ಟರಲ್ಲಿ ಮಸೂದೆ ಗದ್ದಲದ ನಡುವೆ ಧ್ವನಿಮತದಿಂದ ಪಾಸಾಗಿತ್ತು. 224 ಜನರ ಸದನದಲ್ಲಿ ನಮ್ಮವರ ಧ್ವನಿ ಯಾವ ಕಡೆ ಹೋಯಿತೋ, ಅಥವಾ ಅವರು ಆಗ ಕ್ಯಾಂಟೀನಿನಲ್ಲಿದ್ದರೋ, ದೇವರಿಗೇ ಗೊತ್ತು.

ಸಂಕದ ಮನವಿಗೆ ಮಾತ್ರ ಲಿಖಿತ ಉತ್ತರ ಬಂತು. ಜುಲೈ ತಿಂಗಳ ಹುಚ್ಚು ಮಳೆ, ದಬ್ಬೆಗಳು ಹಿಂದಿನ ರಾತ್ರಿಯಷ್ಟೇ ತೇಲಿ ಹೋಗಿದ್ದವು. ಅಂಚೆಯವರು ಆಚೆ ದಡದಲ್ಲಿ ಕೊಡೆ ಹಿಡಿದು ನಿಂತು ಕೂಗಿದರು, ನೀರಿನ ಸದ್ದಿನಲ್ಲಿ ಕೇಳಲಿಲ್ಲ. ಮೂರನೆಯ ದಿನ ಮಳೆ ಹೊಳವಾದ ಮೇಲೆ ಲಕೋಟೆ ಕೈಗೆ ಸಿಕ್ಕಿತು. ದೊಡ್ಡಪ್ಪ ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದಿದರು:

‘ದಿನಾಂಕ 12 ಏಪ್ರಿಲ್‌ರಂದು ಸ್ಥಳ ಪರಿಶೀಲನೆ ನಡೆಸಲಾಗಿ, ಸದರಿ ಹಳ್ಳದಲ್ಲಿ ನೀರು ಇರುವುದು ಕಂಡುಬಂದಿರುವುದಿಲ್ಲ. ಆದ್ದರಿಂದ ತಮ್ಮ ಮನವಿಯನ್ನು ಮುಕ್ತಾಯಗೊಳಿಸಲಾಗಿದೆ.’

ದೊಡ್ಡಪ್ಪ ಕಾಗದವನ್ನು ಮಡಿಸಿ, ಎಲೆಯಡಿಕೆ ತಟ್ಟೆಯ ಕೆಳಗೆ ಇಟ್ಟು, ಸುಣ್ಣ ಹಚ್ಚುತ್ತ ಹೇಳಿದರು:

‘ಇನ್ನೊಂದು ಬರೆ. ಈ ಸಲ 33 ಎಂದು ಹಾಕು. ಮೊಮ್ಮಗನಿಗೆ ಹದಿನೆಂಟು ತುಂಬಿತು.’