ಅಣೆಕಟ್ಟಿಗಿಂತ ಮೊದಲು ಸೋರಿಕೆ ನಿಲ್ಲಲಿ

ಮುಂಬೈನ ನೀರಿನ ಕೊರತೆ ನೀಗಬೇಕಾದರೆ ಗಾರ್ಗಾಯಿ ನದಿಗೆ ಕಟ್ಟಬೇಕೆಂದಿರುವ ಅಣೆಕಟ್ಟು ಬೇಗ ಆಗಲೇಬೇಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಇದನ್ನು ಒಪ್ಪುವುದಿಲ್ಲ.

ಏಳು ಜಲಾಶಯಗಳಿಂದ ಈ ಊರಿಗೆ ದಿನಕ್ಕೆ ಸುಮಾರು 385 ಕೋಟಿ ಲೀಟರ್ ನೀರು ಬರುತ್ತದೆ. ಅದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಸೋರಿಕೆ ಮತ್ತು ಕಳ್ಳ ಕನೆಕ್ಷನ್‌ಗಳಲ್ಲೇ ಹೋಗುತ್ತದೆ. ಅಂದರೆ 90 ಕೋಟಿ ಲೀಟರಿಗೂ ಮೇಲೆ. ಗಾರ್ಗಾಯಿಯಿಂದ ಸಿಗುವುದು 44 ಕೋಟಿ ಲೀಟರ್, ಅಷ್ಟೇ. ಅದಕ್ಕಾಗಿ ತಾನ್ಸಾ ಅಭಯಾರಣ್ಯದ ಲಕ್ಷಗಟ್ಟಲೆ ಮರ ಕಡಿಯಬೇಕು, ಆದಿವಾಸಿಗಳು ಊರು ಬಿಡಬೇಕು. ಇದು ಸರಿಯಾ?

ಮುಂಬೈಗೆ ನೀರು ಕೊಡುವ ಭಾತ್ಸಾ, ತಾನ್ಸಾ ಜಲಾಶಯಗಳೆರಡೂ ಇರುವುದು ಠಾಣೆ ಜಿಲ್ಲೆಯ ಶಹಾಪುರ ತಾಲೂಕಿನಲ್ಲಿ. ನಾವು ಕುಡಿಯುವ ನೀರಿನಲ್ಲಿ ಅರ್ಧದಷ್ಟು ಭಾತ್ಸಾದ್ದೇ. ಆದರೆ ಅದೇ ತಾಲೂಕಿನ ಎಷ್ಟೋ ಹಳ್ಳಿಗಳಿಗೆ ಬೇಸಿಗೆಯಲ್ಲಿ ಟ್ಯಾಂಕರೇ ಗತಿ. ಬಡಿಸಿದವರೇ ಉಪವಾಸ ಮಲಗಿದ ಹಾಗೆ ಅಲ್ವಾ? ಇದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲದ್ದು ನೋಡಿ ಬೇಜಾರಾಯಿತು. ಈಗಾಗಲೇ ಕೊಟ್ಟವರಿಗೇ ನೀರು ಮುಟ್ಟಿಲ್ಲ, ಇನ್ನಷ್ಟು ಕೊಡಿ ಎಂದು ಯಾವ ಬಾಯಲ್ಲಿ ಕೇಳುವುದು?

ಮಳೆಕೊಯ್ಲಿನ ಕಥೆಯೂ ಇದೇ. 1000 ಚದರ ಮೀಟರಿಗಿಂತ ದೊಡ್ಡ ಜಾಗದ ಹೊಸ ಕಟ್ಟಡಗಳಿಗೆ 2002ರಲ್ಲೇ ಕಡ್ಡಾಯವಾಯಿತು. ನಮ್ಮ ಹೌಸಿಂಗ್ ಸೊಸೈಟಿಯಲ್ಲೂ ಇಂಗುಗುಂಡಿ ಇತ್ತು. ಪಾರ್ಕಿಂಗ್‌ಗೆ ಸಿಮೆಂಟ್ ಹಾಕುವಾಗ ಮುಚ್ಚಿಬಿಟ್ಟರು, ಯಾರೂ ಬಂದು ಕೇಳಲಿಲ್ಲ. ಕಾಗದದಲ್ಲಿ ಮಾತ್ರ ಅದು ಇನ್ನೂ ಇದೆ. ಈ ಮಳೆಗಾಲದೊಳಗೆ ಅದನ್ನು ತೆರೆಸಲೇಬೇಕೆಂದು ಕೆಲವರು ಸೇರಿ ಕಮಿಟಿಗೆ ಪತ್ರ ಕೊಟ್ಟಿದ್ದೇವೆ.

ಪೈಪುಗಳ ದುರಸ್ತಿ ವಾರ್ಡುವಾರು ಎಲ್ಲಿಗೆ ಬಂದಿದೆ ಎಂದು ಮುಂದಿನ ಲೇಖನದಲ್ಲಿ ದಯವಿಟ್ಟು ಬರೆಯಿರಿ.